ದಾವಲಭಾಯಿ ಇಟ್ಟ ಹೆಸರುಗಳು

ದಾವಲಭಾಯಿ ಕಂಬವನ್ನು ಎಂದೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಏರುವ ಮೊದಲು ಬಲಗೈಯ ಬೆರಳುಗಳನ್ನು ಮಡಚಿ, ಅವುಗಳ ಹಿಂಬದಿಯನ್ನು ಕಬ್ಬಿಣಕ್ಕೆ ಒಮ್ಮೆ ತಾಗಿಸಿ ತೆಗೆಯುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ಅಡುಗೆಮನೆಯ ಕಿಟಕಿಯಿಂದ ಇದನ್ನು ಎಷ್ಟೋ ಸಲ ನೋಡಿ, ಕೊನೆಗೊಂದು ದಿನ ಯಾಕೆ ಹಾಗೆಂದು ಕೇಳಿದೆ.

"ಅಂಗೈ ಐತಲ್ರಿ ಅಕ್ಕಾರ, ಕರೆಂಟ್ ಹತ್ತಿದ್ರ ಗಪ್ಪನ ಮುಚ್ಚಿಕೊಂಡು ಕಂಬಾನ ಹಿಡದ ಬಿಡತೈತಿ. ಹಿಂಗೈ ಆದ್ರ ಒದ್ದು ಹೊರಗ ಹಾಕತೈತಿ. ಒದಿಸಿಕೊಳ್ಳೂದ ಚಲೋ."

ಬೈಲಹೊಂಗಲದಲ್ಲಿ ನಮ್ಮ ಮನೆ ಮುರಗೋಡ ರಸ್ತೆಗೆ ತಿರುಗುವ ಮೂಲೆಯಲ್ಲಿದೆ. ಆ ಮೂಲೆಯ ದೆಸೆಯಿಂದಲೇ ಇಂಟರ್ನೆಟ್ ಜಾಲದ ಮೊದಲ ಪೆಟ್ಟಿಗೆ ನಮ್ಮ ಮಾಳಿಗೆಯ ಮೇಲೆ ಕೂತಿತು, ಅದನ್ನು ನೋಡಿಕೊಳ್ಳಲು ಜಾಲದ ಕೆಲಸಗಾರ ದಾವಲಭಾಯಿ ವಾರಕ್ಕೊಮ್ಮೆ ಬರುವಂತಾಯಿತು. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರು ಮತ್ತು ಒಂದು ಬಾಚಣಿಕೆ. ಅವರ ತಂದೆ ಮುರಗೋಡದಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಎರಡೂ ಜೋಡಿಯಾಗಿ, ಮುಖ ಹೊರಗೆ ಮಾಡಿ ನಿಂತಿರುತ್ತಿದ್ದವು. ಕಾನ್ವೆಂಟಿನ ಸಿಸ್ಟರುಗಳು ಬೂಟುಗಳ ಸಾಲನ್ನು ದಿನಾ ಬಗ್ಗಿ ನೋಡುತ್ತಿದ್ದ ಹಾಸ್ಟೆಲಿನಲ್ಲಿ ಬೆಳೆದ ನನಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಅವರ ಗುಟ್ಟು ನನಗೆ ಗೊತ್ತಾದದ್ದು ಅಕ್ಕನ ಕಾರಣಕ್ಕೆ. ಅಕ್ಕ ಇರುವುದು ರಾಮದುರ್ಗದಲ್ಲಿ. ಅವಳ ಮನೆಗೂ ಇದೇ ಜಾಲ. ದಿನಾ ಮಧ್ಯಾಹ್ನ ನಾವಿಬ್ಬರೂ ಮುಖ ನೋಡಿಕೊಂಡು ಮಾತಾಡುತ್ತೇವೆ. ಒಂದು ದಿನ ಅವಳ ಬಾಯಿ ಮೊದಲು ಅಲ್ಲಾಡಿ ಮಾತು ಹಿಂದೆ ಬರತೊಡಗಿತು. ದಾವಲಭಾಯಿಯನ್ನು ಕರೆದೆ. ಅವರು ನನ್ನ ಹಳೆಯ ಲ್ಯಾಪ್‌ಟಾಪ್ ತೆರೆದು, ಕಪ್ಪು ಪರದೆಯಲ್ಲಿ ಏನೋ ಒಂದು ಸಾಲು ಬರೆದರು.

"ಈಗ ನೋಡ್ರಿ. ನಿಮ್ಮ ಮಾತು ನಿಮ್ಮ ಮನಿ ಬಿಟ್ಟು ರಾಮದುರ್ಗ ಮುಟ್ಟೂತನಕ ಎಲ್ಲೆಲ್ಲೆ ನಿಂದರತೈತಿ, ಒಂದೊಂದ ಹೆಸರ ಹೇಳತೈತಿ."

ಪ್ರತಿ ಕಂಬದ ಮೇಲಿನ ಪೆಟ್ಟಿಗೆಗೂ ಒಳಗೊಂದು ಹೆಸರು ಕೊಡಬೇಕಂತೆ. ಗಿರಾಕಿಗಳಿಗೆ ಅದು ಕಾಣುವುದಿಲ್ಲ. ಹೆಸರಿಟ್ಟವರು ದಾವಲಭಾಯಿ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದೇ ಸಾಲು ಇಳಿಯಿತು. ಗಿರಮಿಟ್. ಚುರಮರಿ. ಅತ್ತಿ. ಕರದಂಟು. ಶೇಂಗಾ ಹೋಳಿಗಿ. ಭಾವಾ. ಮಿರ್ಚಿ. ಕಟ್ಟಕಡೆಗೆ, ಅಕ್ಕನ ಮನೆಯ ಪೆಟ್ಟಿಗೆ: 'ಮುಟ್ಟಿದ್ರಿ, ಕೈಕಾಲ ತೊಳ್ಕೊರಿ.'

ನಾನು ನಕ್ಕ ನಗುವಿಗೆ ಒಳಕೋಣೆಯಿಂದ ನಮ್ಮ ಅತ್ತೆ ಎದ್ದು ಬಂದರು. "ಏನದು, ನನಗೂ ಹೇಳ್ರಿ."

"ತಿನಿಸಿನ ನಡುವ ಅತ್ತಿ ಬಂದು ಕುಂತಾರ್ರಿ," ಎಂದೆ.

"ಯಾಂವ ಕುಂಡ್ರಿಸಿದಾಂವ?"

"ನಾನ ರೀ ಅಮ್ಮಾರ," ಎಂದರು ದಾವಲಭಾಯಿ, ಬಸಿಯಲ್ಲಿದ್ದ ಚಹಾದ ಮೇಲೆ ಊದುತ್ತ. "ಮನಿತನಾ ಅಂದಮ್ಯಾಲೆ ಹೋಳಿಗಿನೂ ಇರತಾವು, ಅತ್ತಿನೂ ಇರತಾಳು."

"ಕಂಬದ ಮ್ಯಾಲೆ ಏರಿಸಿಯಲ್ಲೋ ನನ್ನ, ಈ ವಯಸ್ಸಿನಾಗ!" ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದರು.

ನಾನು ಆ ಹೆಸರುಗಳನ್ನು ಅದೇ ಅನುಕ್ರಮದಲ್ಲಿ, ಅಡುಗೆಯ ಅಳತೆ ಬರೆದಿಡುವ ನನ್ನ ಮಸಾಲೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ಕಾರಣವೇನೂ ಇರಲಿಲ್ಲ. ಚಂದ ಕಂಡದ್ದನ್ನು ಬರೆದಿಡುವುದು ನನ್ನ ರೂಢಿ. ಆ ಕಪ್ಪು ಪರದೆಯ ಸಾಲನ್ನು ಬರೆಯುವುದನ್ನೂ ದಾವಲಭಾಯಿ ಕಲಿಸಿಕೊಟ್ಟರು. ಕಿತ್ತೂರಿನ ಕಡೆ, ಸವದತ್ತಿಯ ಕಡೆ, ಸಂಪಗಾಂವದ ಕಡೆ ಹೋಗುವ ದಾರಿಗಳಲ್ಲೂ ಇಂಥವೇ ಹೆಸರುಗಳಿವೆ ಎಂದಿದ್ದರು. ಅಲ್ಲಿ ನನಗೆ ಮಾತಾಡುವವರು ಯಾರೂ ಇರಲಿಲ್ಲವಾದ್ದರಿಂದ ಅವನ್ನು ನೋಡಲು ಹೋಗಲಿಲ್ಲ.

ಕೆಲವು ತಿಂಗಳ ಮೇಲೆ, ಒಂದು ಜಿಟಿಜಿಟಿ ಮಳೆಯ ಮುಂಜಾನೆ, ಅವರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು. ಅವರ ಜೊತೆ ಕಂಬ ಏರುವ ಬಸು ಎಂಬುವನದು.

"ತಿನಿಸ ಐತೋ, ಬೀಗರದಾರೋ?" ಎಂದು ಕೇಳಿದರು. ಆ ಕಡೆಯ ಉತ್ತರ ನನಗೆ ಕೇಳಲಿಲ್ಲ. ಬಸಿ ಕೆಳಗಿಟ್ಟರು. "ಬೀಗರಿದ್ರ ಏರಬ್ಯಾಡ. ಇಳಿ. ಅಲ್ಲೇ ನಿಂದ್ರು, ಮಳಿ ಹೋಗಲಿ."

ಆ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಪುಸ್ತಕದ ಹಾಳೆಯನ್ನು ನೆನಪಿಸಿಕೊಂಡೆ. ಗಿರಮಿಟ್, ಚುರಮರಿ, ಕರದಂಟು ಒಂದು ಕಡೆ. ಅತ್ತಿ, ಭಾವಾ ಇನ್ನೊಂದು ಕಡೆ.

"ದಾವಲಭಾಯಿ, ಬೀಗರ ಹೆಸರಿದ್ದ ಕಂಬಕ್ಕ ಏನಾಗೇತ್ರಿ?"

ಅವರು ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. ಜಾಲದ ಮಾಲೀಕ ಊರೂರಿಗೆ ನೆಟ್ಟ ಕಬ್ಬಿಣದ ಕೊಳವೆಗಳಲ್ಲಿ ಕೆಲವಕ್ಕೆ ಎಲ್ಲೋ ಒಳಗಿಂದ ಕರೆಂಟ್ ಇಳಿಯುತ್ತದೆ. "ಒಣಗಿದಾಗ ಮಲಗಿರತಾವ್ರಿ. ತೊಯ್ದಾಗ ಏಳತಾವು. ನಾ ಮಾಲಕರಿಗೆ ಹೇಳಿದೆ, ರೆಕಾರ್ಡ್‌ನಾಗ ಡೇಂಜರ್ ಅಂತ ಬರೀತೇನಿ ಅಂದೆ. ಬರದ್ರ ಕೀಳಬೇಕಾಗತೈತಿ, ಬರೀಬ್ಯಾಡ ಅಂದ್ರು. ಬರೀಬ್ಯಾಡ ಅಂದ್ರ ಹುಡುಗರು ಹೆಂಗ ಉಳೀಬೇಕ್ರಿ? ಅದಕ್ಕ ಹೆಸರಿನಾಗ ಇಟ್ಟೆ. ತಿನ್ನೂ ಹೆಸರಿದ್ರ ಏರು, ಬೀಗರ ಹೆಸರಿದ್ರ ಟೆಸ್ಟರ್ ಹಚ್ಚು. ಮಾಲಕರು ಓದಿ ನಕ್ಕರು, ಚಲೋ ಚ್ಯಾಷ್ಟಿ ಮಾಡೀದಿ ದಾವಲ್ಯಾ ಅಂದ್ರು. ನಗಲಿ. ಆರು ವರ್ಷ ಆತು, ಒಬ್ಬರಿಗೂ ಏನೂ ಆಗಿಲ್ಲ."

ಅಂದಿನಿಂದ ನಾನು 'ಅತ್ತಿ' ಎಂಬ ಸಾಲು ಬಂದಾಗ ನಗಲಿಲ್ಲ. ಆ ಕಂಬ ಮುರಗೋಡ ರಸ್ತೆಯಲ್ಲಿ, ಹತ್ತಿ ಜಿನ್ನಿನ ಎದುರಿಗಿತ್ತು. ಅದಕ್ಕೆ ಶಾಲೆಗೆ ಹೋಗುವ ಮಕ್ಕಳು ಒರಗದಿರಲೆಂದು ದಾವಲಭಾಯಿ ಜಾಲಿಮುಳ್ಳು ಸುತ್ತಿದ್ದರು. ಯಾರೋ ಒಲೆಗೆಂದು ಅದನ್ನು ಬಿಚ್ಚಿಕೊಂಡು ಹೋಗುತ್ತಿದ್ದರು. ಅವರು ಮತ್ತೆ ಸುತ್ತುತ್ತಿದ್ದರು.

ಮುಂದಿನ ಬೇಸಿಗೆಗೆ ಆ ಸಣ್ಣ ಜಾಲವನ್ನು ದೂರದ ಒಂದು ದೊಡ್ಡ ಕಂಪನಿ ಕೊಂಡಿತು. ಮಾಲೀಕ ಹೋದ, ಬಸುವನ್ನೂ ಬಿಡಿಸಿದರು. ದಾವಲಭಾಯಿಯನ್ನು ಕಂಬ ಬಿಡಿಸಿ ಕೇಬಲ್ ಹುಗಿಯುವ ಅಗೆತದ ಕೆಲಸಕ್ಕೆ ಹಾಕಿದರು. ಏರುವವರು ಎಲ್ಲೆಲ್ಲಿಂದಲೋ ಬರುತ್ತಿದ್ದರು, ವಾರಕ್ಕೊಬ್ಬ ಹೊಸಬ. ಒಂದು ಮಧ್ಯಾಹ್ನ ಅಕ್ಕನ ದಾರಿ ನೋಡಿದರೆ ಒಂದು ಹೆಸರೂ ಇಲ್ಲ. ಬರೀ ಸಂಖ್ಯೆಗಳು.

ದಾವಲಭಾಯಿ ನಮ್ಮ ಪಡಸಾಲೆಯಲ್ಲೇ ಕೂತು ಮೇಲಿನವರಿಗೆ ಫೋನ್ ಮಾಡಿದರು. ಮೊದಲ ಸಲ ಚಹಾ ಮುಟ್ಟಲಿಲ್ಲ.

"ಸಾಹೇಬ್ರ, ಹೆಸರ ವಾಪಸ್ ಹಾಕ್ರಿ... ಚ್ಯಾಷ್ಟಿಗೆ ಅಲ್ರಿ. ಆ ಹೆಸರಿನಾಗ ಡೇಂಜರ್ ಕಂಬದ ಗುರ್ತ ಇತ್ರಿ... ಇಲ್ರಿ, ಬ್ಯಾರೆ ಕಡೆ ಎಲ್ಲೂ ಬರದಿಲ್ಲ... ಅತ್ತಿ ಅಂತ ಬರದಿದ್ದೇರಿ... ಹೌದ್ರಿ, ಅತ್ತಿ."

ಫೋನಿನೊಳಗಿನ ನಗು ನನಗೂ ಕೇಳಿಸಿತು. ಅವರು ಫೋನನ್ನು ಮೊಣಕಾಲ ಮೇಲಿಟ್ಟುಕೊಂಡರು. "ಪ್ರೂಫ್ ಕೊಡು ಅಂತಾರ್ರಿ. ಯಾರಿಗೂ ತಿಳೀಬಾರ್ದು ಅಂತ ಮುಚ್ಚಿಟ್ಟಿದ್ದೆ. ಚಲೋತ್ನಾಗೇ ಮುಚ್ಚಿಟ್ಟೇನಿ."

ನಾನು ಸುಮ್ಮನೆ ಕೂಡಲಾರದೆ ಮಸಾಲೆ ಪುಸ್ತಕ ತೆರೆದು, ಪ್ರತಿ ಹೆಸರಿನ ಪಕ್ಕ ಅದೇ ಅನುಕ್ರಮದಲ್ಲಿ ಹೊಸ ಸಂಖ್ಯೆ ಬರೆದೆ. ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪತ್ರವನ್ನೂ ಕಳಿಸಿದೆ. ಕಂಬದ ಜಾಗ, ಮಳೆ, ಕರೆಂಟು, ಎಲ್ಲವನ್ನೂ ಸಿಸ್ಟರು ಮೆಚ್ಚುವಷ್ಟು ಅಚ್ಚುಕಟ್ಟಾಗಿ ಬರೆದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಉತ್ತರ ಬಂತು.

ಮುಂಗಾರು ಹಿಡಿದ ಮೂರನೆಯ ದಿನ ನಮ್ಮ ನೆಟ್ಟು ನಿಂತಿತು. ಅಕ್ಕನಿಗೆ ಅಂದು ಆಸ್ಪತ್ರೆಯ ರಿಪೋರ್ಟು ಬರುವುದಿತ್ತು. ಅವಳ ಮುಖ ನೋಡದೆ ನನಗೆ ಸಮಾಧಾನವಿರಲಿಲ್ಲ. ಬೇರೆ ಏನೂ ಯೋಚಿಸದೆ ಮೊಬೈಲಿನಲ್ಲಿ ದೂರು ಒತ್ತಿದೆ. ಅರ್ಧ ಗಂಟೆಯಲ್ಲಿ ಸಂದೇಶ ಬಂತು. ನಿಮ್ಮ ದೂರು ಸ್ವೀಕರಿಸಲಾಗಿದೆ, ದೋಷವಿರುವುದು ೧೧೪೭ರಲ್ಲಿ, ನಮ್ಮ ತಂತ್ರಜ್ಞ ಸ್ಥಳಕ್ಕೆ ಹೊರಟಿದ್ದಾರೆ.

ಸಂಖ್ಯೆ ಎಲ್ಲೋ ನೋಡಿದ ಹಾಗಿತ್ತು. ಹಾಳೆ ತೆರೆದೆ. ಮೂರನೆಯ ಸಾಲು.

ದಾವಲಭಾಯಿಗೆ ಫೋನ್ ಮಾಡಿ "ಅತ್ತಿ" ಎಂದೆ. ಅಷ್ಟೇ ಸಾಕಾಯಿತು. "ನೀವು ಹತ್ರ ಅದೀರಿ, ಮುಂದ ನಡೀರಿ. ಅವನ್ನ ಮಾತಾಡಿಸಿಕೋತ ನಿಂದ್ರಿಸ್ರಿ. ನಾ ಬರತೇನಿ."

ಸ್ಕೂಟಿ ತೆಗೆದು, ಛತ್ರಿಯಿಲ್ಲದೆ, ಒಲೆಯ ಮೇಲಿನ ಹಾಲು ನೋಡಿಕೊಳ್ಳಿರೆಂದೂ ಅತ್ತೆಗೆ ಹೇಳದೆ ಹೊರಟೆ. ಜಿನ್ನಿನ ಎದುರು ಕಂಬದ ಮುಳ್ಳನ್ನು ಬಿಡಿಸಿ ಬದಿಗೆ ಸರಿಸಲಾಗಿತ್ತು. ಅಲ್ಯೂಮಿನಿಯಮ್ಮಿನ ಏಣಿಯನ್ನು ಅದರತ್ತ ಎತ್ತುತ್ತಿದ್ದವನು ಇಪ್ಪತ್ತೈದರ ಒಳಗಿನವನಿರಬೇಕು. ಮಾತಿನಲ್ಲಿ ವಿಜಯಪುರದ ಕಡೆಯ ಎಳೆತವಿತ್ತು.

"ಏಣಿ ತಾಗಿಸಬ್ಯಾಡ್ರಿ! ಅದು ನನ್ನ ಕಂಪ್ಲೇಂಟ್. ವಾಪಸ್ ತಗೊಂಡೇನಿ."

"ವಾಪಸ್ ಅಂದ್ರ ಹೆಂಗ್ರಿ ಅಕ್ಕಾ? ಮ್ಯಾಲೇರಿ ಫೋಟೋ ಹಾಕಲಿಲ್ಲಂದ್ರ ಇವತ್ತಿನ ಹಾಜರಿ ಹೋಗತದ."

"ಕಂಬದಾಗ ಕರೆಂಟ್ ಐತಿ."

"ಯಾರಂದ್ರು? ನನ್ನ ಮೊಬೈಲ್‌ನಾಗ ಎಲ್ಲಾ ಹಸರ ತೋರಸಾಕತ್ತದ ನೋಡ್ರಿ." ಪರದೆಯನ್ನು ನನ್ನತ್ತ ತಿರುಗಿಸಿದ. ಹೌದು, ಎಲ್ಲ ಹಸಿರಾಗಿತ್ತು, ಒಂದೇ ಒಂದು ಕೆಂಪು ಚುಕ್ಕೆಯ ಹೊರತು. ಆ ಚುಕ್ಕೆ ನನ್ನ ದೂರು.

ನಾನು ಅವನ ಹೆಸರು ಕೇಳಿದೆ, ಊರು ಕೇಳಿದೆ, ತಾಯಿ ಇದ್ದಾರೆಯೇ ಎಂದು ಕೇಳಿದೆ. ಮಳೆಯಲ್ಲಿ ನಿಂತ ಹುಚ್ಚು ಹೆಂಗಸನ್ನು ನೋಡುವ ಹಾಗೆ ನೋಡುತ್ತ ಅವನು ಮರ್ಯಾದೆಯಿಂದಲೇ ಉತ್ತರ ಕೊಟ್ಟ. ಆಮೇಲೆ, "ಸರೀರಿ ಸ್ವಲ್ಪ" ಎಂದು ಏಣಿ ಎತ್ತಿದ. ನಾನು ಅದರ ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ನನ್ನ ಜೀವನದಲ್ಲಿ ಬೇರೆಯವರ ವಸ್ತುವನ್ನು ಕೇಳದೆ ಹಿಡಿದದ್ದು ಅದೊಂದೇ ಸಲ.

ದಾವಲಭಾಯಿಯ ಬೈಕು ಬಂದು ನಿಂತಿತು, ನಿಂತದ್ದು ಅಲ್ಲೇ ಉರುಳಿತು. ಅವರು ಬೈಕಿನ ಚೀಲದಿಂದ ಒಣಗಿದ ಮರದ ಹಲಗೆಯೊಂದನ್ನು ತೆಗೆದು ನೆಲಕ್ಕೆ ಹಾಕಿ, ಅದರ ಮೇಲೆ ನಿಂತು, ಟೆಸ್ಟರಿನ ತುದಿಯನ್ನು ಕಂಬಕ್ಕೆ ಹಚ್ಚಿದರು. ಹಿಡಿಯೊಳಗಿನ ಸಣ್ಣ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿ ಉಳಿಯಿತು.

ಆ ಹುಡುಗ ಏಣಿಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಕ್ಕರಿಸಿದ. "ನಿನ್ನೆ ಸವದತ್ತಿ ಕಡೆ ಏಳು ಕಂಬ ಏರೇನ್ರಿ," ಎಂದ. "ಮಳ್ಯಾಗ."

"ನಿನ್ನೆ ತಿನಿಸಾ ಸಿಕ್ಕಾವು," ಎಂದರು ದಾವಲಭಾಯಿ. ಅವನಿಗೆ ತಿಳಿಯಲಿಲ್ಲ.

ಕಂಪನಿ ಆ ಒಂದು ಕಂಬವನ್ನು ಎರಡು ದಿನದಲ್ಲಿ ಕಿತ್ತಿತು. ಕೆಲಸಕ್ಕೆ ಅಡ್ಡಿ ಮಾಡಿದರೆಂದು ದಾವಲಭಾಯಿಯನ್ನೂ ತೆಗೆಯಿತು.

ಅವರು ಕೊನೆಯ ಸಲ ಬಂದದ್ದು ಕೆಲಸಕ್ಕೆಂದು ಗೋವಾಕ್ಕೆ ಹೊರಡುವ ಹಿಂದಿನ ದಿನ. ನನ್ನ ಪುಸ್ತಕ ಕೇಳಿ ಇಸಿದುಕೊಂಡು, ರಾಮದುರ್ಗದ ದಾರಿಯನ್ನು ಬೆರಳಿಟ್ಟು ಓದಿದರು. 'ಭಾವಾ' ಎಂಬುದರ ಮುಂದೆ ಜಾಗದ ಗುರುತು ಬರೆಸಿದರು. ತಾವೇ ಹೋಗಿ ಅದರ ಬುಡಕ್ಕೆ ಕೆಂಪು ಬಣ್ಣ ಬಳಿದು ಬಂದಿದ್ದರು.

"ಉಳಿದ ದಾರ್ಯಾಗಿನವು?" ಎಂದು ಕೇಳಿದೆ.

ಅವರು ಬೆರಳು ಮಡಚಿ ಎಣಿಸತೊಡಗಿದರು. ಮಾವ ಸಂಪಗಾಂವದ ಕಡೆ, ಕೆರೆಯ ಏರಿಯಲ್ಲಿ. ಷಡ್ಡಕ ಸವದತ್ತಿಯ ದಾರಿಯಲ್ಲಿ, ಹಿಟ್ಟಿನ ಗಿರಣಿ ದಾಟಿ. ಅವಕ್ಕೂ ಬಣ್ಣ ಹಚ್ಚಿದ್ದಾಗಿತ್ತು. ಮೂರನೆಯ ಬೆರಳಿಗೆ ನಿಂತರು.

"ನಾದಿನಿ," ಎಂದರು. "ನೆಗೆಣ್ಣಿ. ಹೆಸರು ಬಾಯಾಗ ಅದಾವ್ರಿ. ಇಬ್ಬರೂ ಕಿತ್ತೂರ ದಾರ್ಯಾಗ ಅದಾರು, ಅಷ್ಟ ಖರೆ. ಯಾವ ಕಂಬಂತ ಹೊಳಿವಲ್ದು. ಎಲ್ಲಾ ಪೆಟ್ಟಿಗ್ಯಾಗ ಬರದಿಟ್ಟೇನಲ್ಲಂತ ತಲ್ಯಾಗ ಇಟ್ಕೊಳ್ಳಲಿಲ್ರಿ." ಬರುವ ಮುನ್ನಾದಿನವಿಡೀ ಆ ದಾರಿಯಲ್ಲಿ ಅಡ್ಡಾಡಿದ್ದರಂತೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಎಲ್ಲ ಕಂಬಗಳೂ ಒಂದೇ ರೀತಿ ತಣ್ಣಗಿದ್ದವು. ಎದ್ದು ಹೋಗುವಾಗ ಅತ್ತೆ ಏನೋ ತಮಾಷೆ ಮಾಡಿದರು. ಅವರು ನಕ್ಕರು, ಆದರೆ ಕಣ್ಣು ಬೇರೆಲ್ಲೋ ಇತ್ತು. ಇನ್ನೂ ಎಣಿಸುತ್ತಿದ್ದರೆಂದು ಕಾಣುತ್ತದೆ.

ಮೊನ್ನೆಯಿಂದ ಮತ್ತೆ ಮಳೆ ಹಿಡಿದಿದೆ. ಇಂದು ಬೆಳಗ್ಗೆ ಒಂದು ಮದುವೆಯ ಕರೆಗೆಂದು ಕಿತ್ತೂರಿನ ಬಸ್ಸಿನಲ್ಲಿ ಕೂತಿದ್ದೆ. ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಾಗ, ಹೊಲಗಳ ನಡುವಿನ ಒಂಟಿ ಕಂಬದ ಕಡೆಗೆ ಒಬ್ಬ ಹೆಗಲ ಮೇಲೆ ಏಣಿ ಹೊತ್ತು ನಡೆಯುತ್ತಿದ್ದುದು ಕಂಡಿತು. ದಾವಲಭಾಯಿಗೆ ಫೋನ್ ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಎಂದು ಒಬ್ಬಳು ಹೇಳಿದಳು. ನಾನು ಎದ್ದು ಬಸ್ಸು ನಿಲ್ಲಿಸಲು ಹೇಳಿದೆ.

"ಇಲ್ಲೇನೈತ್ರಿ ಅಕ್ಕಾರ?" ಎಂದ ಕಂಡಕ್ಟರ್. "ಊರಿಲ್ಲ, ಮನಿಯಿಲ್ಲ."

"ಗೊತ್ತಿಲ್ರಿ," ಎಂದೆ. ಅದು ನಿಜವೂ ಆಗಿತ್ತು. ಬಾಗಿಲು ತೆರೆಯಿತು. ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಕೆಸರಿಗೆ ಇಳಿದು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗತೊಡಗಿದೆ.