ಎಮ್ಮೆ ಎರಡು, ಮನೆ ಇಲ್ಲ

೨೦೦೪ರಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೆ. ಹಂಪಸಾಗರದ ದಾರಿಯ ಕೆರೆಯೊಂದಕ್ಕೆ ಹೊಸ ಕೋಡಿ ಕಾಲುವೆ ತೆಗೆಯುವ ಮಾತು ಆಗ ನಡೆದಿತ್ತು. ಜೀಪಿನಿಂದ ಇಳಿದರೆ ಬೂಟಿಗೆ ಮಣ್ಣಾದೀತೆಂದು ಹೆದರುವ ನೀರಾವರಿ ಕಚೇರಿಯ ಸಾಹೇಬರು, ಜಾಗ ನೋಡುವ ಬದಲು ಜಾಗದ ಪನೋರಮಾ ತರಿಸಿದರು. ಅಂದರೆ, ಒಂದರ ಪಕ್ಕ ಒಂದು ತೆಗೆದ ಫೋಟೋಗಳನ್ನು ಹೊಲಿದು ಮಾಡಿದ ಉದ್ದನೆಯ ಚಿತ್ರ.

ಅದನ್ನು ತೆಗೆಯಲು ಶಹರದಿಂದ ತಜ್ಞನೊಬ್ಬ ಬಂದ. ಬೆಳಕು ನೋಡುವ ಕಸುಬಿನವನ ಕಣ್ಣಿಗೆ ಕಪ್ಪು ಕನ್ನಡಕ. ಕೆರೆ ಏರಿಯ ಮೇಲೆ ದಿಬ್ಬಣದವನಂತೆ ನಡೆಯುತ್ತಾ ಹನ್ನೊಂದು ಫೋಟೋ ಹೊಡೆದು, ಪ್ರವಾಸಿ ಮಂದಿರದ ಫ್ಯಾನಿನ ಕೆಳಗೆ ಲ್ಯಾಪ್‌ಟಾಪಿನಲ್ಲಿ ಹೊಲಿದು ಕೊಟ್ಟ.

ವಾರದೊಳಗೆ ಪಂಪ್‌ಸೆಟ್ ರಿಪೇರಿಯ ಮಹಬೂಬ್ ಸಾಬರು ಅದರ ಪ್ರತಿ ಹಿಡಿದು ನನ್ನ ಸ್ಟುಡಿಯೋಗೆ ಬಂದರು. ಏರಿಯ ಕೆಳಗಿನ ಅವರ ಮನೆ, ಅದಕ್ಕಂಟಿದ ಶೆಡ್ಡು ಚಿತ್ರದಲ್ಲಿ ಇರಲೇ ಇಲ್ಲ. ಆ ಜಾಗದ ಮೇಲೆ ಕಾಲುವೆಯ ಗೆರೆ ಎಳೆದಿದ್ದರು.

"ಖಾಲಿ ಜಾಗ ಅಂತ ಬರದಾರ್ರಿ ಅಣ್ಣಾರ. ನಲವತ್ತು ವರ್ಷ ನಾವು ಮಲಗಿದ್ದು ಎಲ್ಲಿ ಹಂಗಾರ?"

ಆ ಪುಣ್ಯಾತ್ಮ ಮಾಡಿದ್ದೇನೆಂದು ನನಗೆ ಕೂಡಲೇ ಹೊಳೆಯಿತು. ನಡೆಯುತ್ತಾ ತೆಗೆದರೆ ಹತ್ತಿರದ್ದು ದೂರದ ಗುಡ್ಡದ ಮುಂದೆ ಸರಿಯುತ್ತಾ ಹೋಗುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಕಂಪ್ಯೂಟರು ಗುಡ್ಡಕ್ಕೆ ಗುಡ್ಡ ಕೂಡಿಸಿ, ಹೊಂದದ ಮನೆಯನ್ನು ಹೊಲಿಗೆಯಲ್ಲಿ ನುಂಗಿತ್ತು. ಕಣ ಮಾಡುವಾಗ ನಮ್ಮಜ್ಜ ಹೇಳುತ್ತಿದ್ದ, ಎತ್ತು ಎಷ್ಟಾದರೂ ಸುತ್ತಲಿ, ನಡುವಿನ ಮೇಟಿಕಂಬ ಕದಲಬಾರದು ಅಂತ. ಮರುದಿನ ನಾನು ಏರಿಯ ಮೇಲೆ ಮೇಟಿಯಂತೆ ನಿಂತೆ. ಕ್ಯಾಮೆರಾ ಅಡ್ಡವಲ್ಲದೆ ಉದ್ದಕ್ಕೆ ಹಿಡಿದು, ನಿಂತಲ್ಲೇ ತಿರುಗುತ್ತಾ, ಎಕ್ಸ್‌ಪೋಷರ್, ಅಂದರೆ ಒಳಬಿಡುವ ಬೆಳಕಿನ ಅಳತೆ, ಬದಲಿಸದೆ, ಪ್ರತಿ ಫೋಟೋದಲ್ಲೂ ಹಿಂದಿನದರ ಮೂರನೇ ಒಂದು ಪಾಲು ಬರುವಂತೆ ಒಂಬತ್ತು ತೆಗೆದೆ. ಪ್ರಿಂಟು ಹಾಕಿ ರಟ್ಟಿನ ಮೇಲೆ ಅಂಟಿಸಿದೆ. ಅಂಚು ಮೇಲೆ ಕೆಳಗಾಗಿತ್ತು, ಕತ್ತರಿಸಲಿಲ್ಲ.

ಕಚೇರಿಯಲ್ಲಿ ಅದನ್ನು ಕಂಡು ತಜ್ಞ ನಕ್ಕ. "ಏನ್ರೀ ಇದು, ಹರಕು ಕೌದಿ ತಂದಿದೀರಾ?"

"ಕೌದಿನ ಬಿಡ್ರಿ," ಅಂದೆ ನಾನು. "ಆದರ ಹೊದ್ಕೊಳ್ಳೋರ ಮನಿ ಅದರಾಗ ಐತಿ. ನಿಮ್ಮದರಾಗ ಎಮ್ಮಿ ಎರಡು ಅದಾವು, ನೋಡ್ರಿ, ಎರಡಕ್ಕೂ ಎಡಗೊಂಬು ಮುರದೈತಿ."

ಸಾಹೇಬರು ಬಗ್ಗಿ ನೋಡಿದರು. ಒಂದೇ ಎಮ್ಮೆ ತಜ್ಞನ ಜೊತೆಜೊತೆಗೇ ನಡೆದು ಎರಡು ಕಡೆ ಸಿಕ್ಕಿಬಿದ್ದಿತ್ತು. ಅವತ್ತು ಮೊದಲ ಸಲ ಅವರ ಬೂಟು ಆ ಕೆರೆಯ ಮಣ್ಣು ಕಂಡಿತು. ಗೆರೆ ಸರಿಯಿತು, ಮನೆ ಉಳಿಯಿತು.

ತಜ್ಞನ ಚಿತ್ರಕ್ಕೆ ಮಾತ್ರ ಗಾಜು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದರು, ನೋಡಲು ಚೆಂದವಂತೆ. ನನ್ನ ಕೌದಿ ಸಾಬರ ಶೆಡ್ಡಿನಲ್ಲಿ ಗ್ರೀಸು ಮೆತ್ತಿಕೊಂಡಿದೆ. ಹೊಲಿಗೆ ಕಾಣದಷ್ಟು ನುಣುಪಾದ ಚಿತ್ರ ಕಂಡರೆ ನಾನು ಇವತ್ತಿಗೂ ಮೊದಲು ಹುಡುಕುವುದು, ಅದು ಯಾರ ಮನೆ ನುಂಗಿದೆ ಎಂದು.