ಚೆಲುವಯ್ಯ ಅಂತ ಬರ್ತಿದೆ, ಸರಿನಾ?

ಬಿಳಿಕೆರೆ ಬಸ್ ಸ್ಟ್ಯಾಂಡಿನ ಪಕ್ಕ ನನ್ನ ಜೆರಾಕ್ಸ್ ಅಂಗಡಿ. ಅದರ ಮಗ್ಗುಲಲ್ಲೇ ಚಿಕ್ಕಮಾದಕ್ಕನ ಕಬ್ಬಿನ ಹಾಲಿನ ಅಂಗಡಿ. ಮಡಿಕೇರಿಗೆ ಹೋಗುವ ಕಾರಿನವರೆಲ್ಲ ನನ್ನ ಬಾಗಿಲಿಗೇ ಗಾಡಿ ಅಡ್ಡ ನಿಲ್ಲಿಸಿ ಅಲ್ಲಿ ಹೋಗಿ ಕುಡಿಯುತ್ತಾರೆ. ನಾನು ಜಗಳಕ್ಕೆ ಹೋಗುತ್ತೇನೆ, ಅವಳು ಶುಂಠಿ ಜಾಸ್ತಿ ಹಾಕಿದ ಒಂದು ಲೋಟ ಕೈಗಿಟ್ಟು ನನ್ನ ಬಾಯಿ ಮುಚ್ಚಿಸುತ್ತಾಳೆ.

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆಂದು ಹಾರನಹಳ್ಳಿಯ ಅವಳ ತಾಯಿ ಹೇಳಿಕೊಟ್ಟಿದ್ದಳಂತೆ. ರೇಷನ್ ಕಾರ್ಡಿನ ಅರ್ಜಿಗೆ ನಾನು ಕೇಳಿದರೂ "ನಿಂಗೊತ್ತಲ್ಲವ್ವ, ಬರ್ಕೊ" ಅನ್ನುತ್ತಿದ್ದಳು. ಹಾಗೆ ಜೋಪಾನ ಮಾಡಿದ ಗಂಡ ಹೋದ ಬೇಸಿಗೆಯಲ್ಲಿ ಎದೆನೋವು ಅಂತ ಕೂತವನು ಮತ್ತೆ ಏಳಲಿಲ್ಲ. ಆಮೇಲೂ ಅವಳು ಹೇಳಲಿಲ್ಲ. ಯಾರ ಆಯುಷ್ಯ ಉಳಿಸಲಿಕ್ಕೋ, ದೇವರೇ ಬಲ್ಲ.

ಆದರೆ ಅಂಗಡಿಯಲ್ಲಿ ದುಡ್ಡು ಹಾಕಿಸಿಕೊಳ್ಳುವ ಸ್ಕ್ಯಾನರ್ ಅವನ ಹೆಸರಲ್ಲೇ ಉಳಿದಿತ್ತು. ಕುಡಿದವರು ಫೋನ್ ಹಿಡಿದು, ದುಡ್ಡು ಕಳಿಸುವ ಮುಂಚೆ, "ಚೆಲುವಯ್ಯ ಅಂತ ಬರ್ತಿದೆ, ಸರಿನಾ?" ಎಂದು ಕೇಳುತ್ತಾರಲ್ಲ, ಆಗ ಅವಳ ಮುಖ ನೋಡಬೇಕಿತ್ತು. "ಸರಿ ಕಣಪ್ಪ, ಅವ್ರದೇಯ" ಅನ್ನುತ್ತಿದ್ದಳು. ಗುರುತಿಲ್ಲದ ಜನ ದಿನವಿಡೀ ಅವಳ ಎದುರು ನಿಂತು ಆ ಹೆಸರು ಹೇಳಿ ಹೋಗುತ್ತಿದ್ದರು.

"ಬ್ಯಾಂಕಿಗೆ ತಿಳಿಸಿ ನಿನ್ನ ಹೆಸರಿಗೆ ಮಾಡಿಸ್ಕೊ ಅಕ್ಕ, ತೀರಿಕೊಂಡವರ ಖಾತೆ ಹಿಂಗೆ ನಡೆಸಬಾರದು" ಅಂತ ನಾನು ಬಾಯಿ ನೋಯುವಷ್ಟು ಹೇಳಿದ್ದೆ.

"ಮಾಡ್ಸಾನ ಬುಡು" ಅನ್ನುವಳು. ಮಾಡಿಸುತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಕಬ್ಬಿನ ಸಿಪ್ಪೆ ಅಂಟಿದ ಕೈಯಲ್ಲೇ ಗಂಡನ ಫೋನ್ ಹಿಡಿದು ಓಡಿಬಂದಳು. "ಶಾಂತಲವ್ವ, ಇದ್ರಲ್ಲಿ ಅವ್ರ ಹೆಸ್ರೇ ಇಲ್ಲ ಕಣೇ!"

ನೋಡಿದೆ. ದುಡ್ಡು ಕಳಿಸುವ ಆಪಿನ ಕಂಪನಿಯದೇ ಬಣ್ಣ, ಅದರದೇ ಗುರುತು ಇದ್ದ ಇಮೇಲ್. ನಿಮ್ಮ ಖಾತೆ ಇವತ್ತು ಸಂಜೆಗೆ ಬಂದ್, ಹೆಸರು ಅಳಿಸಿಹೋಗುತ್ತದೆ, ಉಳಿಯಬೇಕಾದರೆ ಕೆಳಗೆ ಒತ್ತಿ ಎಂದು ಕನ್ನಡದಲ್ಲೇ ಬರೆದಿತ್ತು. ಕಂಪನಿಯವರು ಯಾವಾಗಲೂ "ನಮಸ್ಕಾರ ಚೆಲುವಯ್ಯ" ಎಂದು ಶುರುಮಾಡುತ್ತಾರೆ, ಇದರಲ್ಲಿ "ಪ್ರಿಯ ಗ್ರಾಹಕರೇ" ಅಂತಿತ್ತು. ಕಳಿಸಿದವರ ವಿಳಾಸ ನೋಡಿದರೆ ಕಂಪನಿಯ ಹೆಸರಿಗೆ ಏನೇನೋ ಬಾಲ ಅಂಟಿಕೊಂಡಿತ್ತು.

"ಒತ್ತಿದೆಯಾ?"

"ಒತ್ತುದೆ. ಕಾರ್ಡಿನ ನಂಬ್ರ, ಪಿನ್ನು ಎಲ್ಲ ಕೇಳ್ತು, ಹಾಕ್ದೆ. ಹೆಸ್ರು ಅಳಿಸೋಯ್ತದೆ ಅಂದ್ರಲ್ಲವ್ವ, ಇನ್ನೇನ್ ಮಾಡ್ಲಿ? ಹಾಕಾದ್ ಮ್ಯಾಲೆ ನೋಡ್ತೀನಿ, ಎಲ್ಲೂ ಅವ್ರ ಹೆಸ್ರಿಲ್ಲ."

ಮೈಯೆಲ್ಲ ಉರಿಯಿತು. ಯಾವ ಕಂಪನಿಯೂ ಪಿನ್ ಕೇಳುವುದಿಲ್ಲ ಎಂದು ಈ ಬಾಯಲ್ಲೇ ಎಷ್ಟು ಸಲ ಹೇಳಿದ್ದೆ! ಬೈಯಲು ಬಾಯಿ ತೆರೆದವಳು ಅವಳ ಕಣ್ಣು ನೋಡಿ ಫೋನ್ ಕೈಗೆ ತೆಗೆದುಕೊಂಡೆ. ಅಳಿಸಬೇಡ ಅಂತ ಆ ಇಮೇಲನ್ನು ಹಾಗೇ ಇಡಿಸಿ, ಕಂಪನಿಯ ದೂರಿನ ವಿಳಾಸಕ್ಕೆ ಕಳಿಸಿದೆ. ಆಮೇಲೆ ಹೇಳಲೇಬೇಕಾದ್ದನ್ನು ಹೇಳಿದೆ. "ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಈಗಲೇ ಫೋನ್ ಮಾಡಿ ಖಾತೆ ನಿಲ್ಲಿಸಬೇಕು ಅಕ್ಕ. ಯಾರ ಖಾತೆ ಅಂತ ಕೇಳ್ತಾರೆ. ನಿಜ ಹೇಳಿದರೆ ಆ ಖಾತೆ ಮತ್ತೆ ತೆರೆಯಲ್ಲ. ಸ್ಕ್ಯಾನರ್ ನಿನ್ನ ಹೆಸರಿಗೆ ಬರುತ್ತೆ."

"ಅವ್ರುದು ಓಯ್ತದಾ?"

"ಹೋಗುತ್ತೆ."

ಎಳನೀರು ಮಾರುವ ದಾಸಯ್ಯ ಅಷ್ಟರಲ್ಲಿ ಬಂದು ನಿಂತಿದ್ದ. ಒಳ್ಳೆಯ ಮನಸ್ಸಿನವನೇ. "ಅದ್ಯಾಕಕ್ಕ ಅಳ್ತೀಯ? ನಾನೇ ಚೆಲುವಯ್ಯ ಅಂತ ಮಾತಾಡ್ತೀನಿ, ಕೊಡು. ಗಂಡ್ಸಿನ ದನಿ ತಾನೇ ಬೇಕು? ಕಾರ್ಡು ಮಾತ್ರ ನಿಲ್ಸಿದ್ರಾಯ್ತು, ಹೆಸ್ರು ಹಂಗೇ ಇರ್ಲಿ" ಅಂದ.

ಚಿಕ್ಕಮಾದಕ್ಕ ಒಂದು ಗಳಿಗೆ ಫೋನ್ ಅವನ ಕಡೆ ಚಾಚಿದಳು. ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಕಂಪ್ನಿಯವ್ನು ನಾನು ಅಂತ ಬಂದ್ನಲ್ಲ, ಅವ್ನ ಕೈ ಸೇದೋಗ, ಅವ್ನೊಬ್ಬ ಸಾಲ್ದಾ? ನೀನು ಬ್ಯಾರೆ ಅವ್ರಾಗ್ತೀಯಾ? ಯಾರೂ ಅವ್ರಾಗಕ್ಕಾಗಲ್ಲ, ಓಗ್ಲಾ!"

ದಾಸಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ನನ್ನ ಕೈಲಿ ನಂಬರ್ ಒತ್ತಿಸಿ ಅವಳೇ ಫೋನ್ ಹಿಡಿದುಕೊಂಡಳು. ನಾನು ಸ್ಪೀಕರ್ ಹಾಕಿದೆ. ಆ ಕಡೆಯ ಹುಡುಗಿ ಎಲ್ಲ ಕೇಳಿಕೊಂಡು, "ಖಾತೆ ಯಾರ ಹೆಸರಲ್ಲಿದೆ ಅಮ್ಮ?" ಎಂದಳು.

ಚಿಕ್ಕಮಾದಕ್ಕ ನನ್ನನ್ನು ನೋಡಿದಳು. ಅಭ್ಯಾಸಬಲ, ನಾನು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಸೆರಗು ಸರಿಮಾಡಿಕೊಂಡಳು.

"ಚೆಲುವಯ್ಯ" ಅಂದಳು.

ಆ ಹೆಸರನ್ನು ಅಷ್ಟು ಮೆಲ್ಲಗೆ, ಅಷ್ಟು ಪ್ರೀತಿಯಿಂದ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅವರ ಕೈಗೆ ಫೋನ್ ಕೊಡ್ತೀರಾ?"

"ಇಲ್ಲ ಕಣವ್ವ. ತೀರೋದ್ರು."

ಆ ಹುಡುಗಿ, ಖಾತೆ ನಿಲ್ಲಿಸಲು ಬ್ಯಾಂಕಿಗೆ ಈಗಲೇ ಹೇಳುತ್ತೇವೆ, ದೂರಿನ ನಂಬರ್ ಮೆಸೇಜಿನಲ್ಲಿ ಬರುತ್ತದೆ, ನಾಳೆ ಮರಣ ಪ್ರಮಾಣಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಎಂದು ಹೇಳಿ ಇಟ್ಟಳು. ಚಿಕ್ಕಮಾದಕ್ಕ ಮಾತ್ರ, ಸ್ಪೀಕರ್ ಹಾಕಿದ್ದರೂ, ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು.

"ಕಟ್ಟಾಯ್ತಕ್ಕ. ಕೊಡು ಇಲ್ಲಿ."

"ಇರು ಕಣೇ" ಅಂದಳು. "ಇನ್ನೊಂದ್ ಕಿತ ಹೆಸ್ರು ಕೇಳುದ್ರೆ?"