ಮೆಟ್ಟಿಲ ಕೆಳಗಿನ ಚಪ್ಪಲಿ ಲೆಕ್ಕ

ಬೆಳಗ್ಗೆ ಆರು ನಲವತ್ತಕ್ಕೆ ಕಾವಲಿಯ ಮೇಲೆ ಹೊಯ್ದ ದೋಸೆ ಹಿಟ್ಟು ಒಂದು ಕಡೆಗೆ ಹರಿಯಿತು. ಕಿಟಕಿಯ ಕಡೆ ದಪ್ಪ, ಬಾಗಿಲ ಕಡೆ ತೆಳು. ಗಂಟೆ ನೆನಪಿದೆ, ಯಾಕೆಂದರೆ ಆ ಹೊತ್ತಿಗೆ ಮೊದಲ ದೋಸೆ ಏಳದಿದ್ದರೆ ನನ್ನ ಗಂಡ ತಿಂಡಿ ಬಿಟ್ಟೇ ಹೊರಡುತ್ತಾರೆ. ಒಲೆಯ ಕಾಲಿನ ರಬ್ಬರ್ ಸವೆದಿರಬೇಕು ಎಂದುಕೊಂಡೆ. ಟೂತ್‌ಪೇಸ್ಟಿನ ಖಾಲಿ ಡಬ್ಬಿಯನ್ನು ನಾಲ್ಕಾಗಿ ಮಡಿಸಿ ಕಿಟಕಿ ಕಡೆಯ ಕಾಲಿನ ಕೆಳಗೆ ತುರುಕಿದೆ. ಮುಂದಿನ ದೋಸೆ ದುಂಡಗೆ ಬಂತು. ಮನೆ ವಾಲುತ್ತಿತ್ತು, ನಾನು ಒಲೆಯನ್ನು ಸರಿ ಮಾಡಿದೆ.

ಹಿಂದಿನ ದಿನವೂ ಹಿಟ್ಟು ಹಾಗೇ ಹರಿದಿತ್ತೇ? ಗೊತ್ತಿಲ್ಲ. ಹಿಂದಿನ ದಿನ ಉಪ್ಪಿಟ್ಟು ಮಾಡಿದ್ದೆ.

ನಾವಿದ್ದದ್ದು ಬೇಗೂರಿನಿಂದ ಆಚೆ, ಕೆರೆ ದಾಟಿದ ಮೇಲೆ ಸಿಗುವ ಒಂದು ಲೇಔಟಿನಲ್ಲಿ. ನಾವು ಬಂದಾಗ ಊರಿನಂತಿತ್ತು, ಈಗ ಪಟ್ಟಣದಂತಿದೆ, ಎರಡೂ ಅಲ್ಲ ಎಂದೂ ಹೇಳಬಹುದು. ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ ಇಡೀ ಜಾಗ ಖಾಲಿಯಾಗುತ್ತದೆ. ಬಿಟಿಎಂ, ಜಯನಗರ, ಬನಶಂಕರಿ ಎಂದು ಜನ ಬೈಕು, ಬಸ್ಸು, ಶೇರ್ ಆಟೋಗಳಲ್ಲಿ ಚದುರಿಹೋಗುತ್ತಾರೆ. ರಾತ್ರಿ ಬಂದು ಮಲಗುತ್ತಾರೆ. ಹಗಲಲ್ಲಿ ಉಳಿಯುವವರು ಓನರುಗಳು, ಗಾರೆ ಕೆಲಸದವರು ಮತ್ತು ನೀರಿನ ಟ್ಯಾಂಕರುಗಳು. ರಸ್ತೆಗಳಿಗೆ ನಂಬರ್ ಹಾಕಿದವರು ಯಾರೋ, ನಾಲ್ಕನೇ ಕ್ರಾಸ್ ಆದ ಮೇಲೆ ಏಳನೆಯದು ಬರುತ್ತದೆ, ಐದನೆಯದು ಎರಡಿವೆ. ನಾನು ಜಯನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ನಂಬರಿನ ಪ್ರಕಾರ ಜೋಡಿಸುವವಳು. ಮೊದಮೊದಲು ಇದೆಲ್ಲ ಕಿರಿಕಿರಿಯಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ನಮ್ಮ ಮನೆಯ ಓನರ್ ಅಂಕಲ್ ಆ ಊರಿನವರೇ. ಹಣೆಯ ಮೇಲೆ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಈಗ ಲೇಔಟ್ ಆಗಿರುವ ಜಾಗದಲ್ಲಿ ದಂಟು, ಕೊತ್ತಂಬರಿ, ಮೆಂತ್ಯ ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದರಂತೆ. ಕೆಳಗೆ ಅವರು ಮತ್ತು ಅವರ ಹೆಂಡತಿ, ಮೊದಲ ಮಹಡಿಯಲ್ಲಿ ನಾವಿಬ್ಬರು, ಟೆರೇಸಿನ ಒಂಟಿ ರೂಮಿನಲ್ಲಿ ಒಬ್ಬ ನರ್ಸ್. ಚಾಮರಾಜನಗರದ ಕಡೆಯ ಹುಡುಗಿ, ಹೆಚ್ಚಾಗಿ ನೈಟ್ ಡ್ಯೂಟಿ. ಎಂಟೂವರೆ ಸುಮಾರಿಗೆ ಬಂದು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿಬಿಡುವಳು.

ಅಂಕಲ್ ಮೆಟ್ಟಿಲಿಗೆ ಕರಿ ಗ್ರಾನೈಟ್ ಹಾಕಿಸಿದ್ದರು. ಅದರ ಮೇಲೆ ಚಪ್ಪಲಿ ಕಾಲು ಇಡುವ ಹಾಗಿರಲಿಲ್ಲ. ಮೆಟ್ಟಿಲ ಕೆಳಗೆ ಸಿಮೆಂಟಿನ ಮೂರು ಗೂಡು, ಮೂರು ಮನೆಗೆ ಮೂರು. ಎಲ್ಲರೂ ಅಲ್ಲೇ ಬಿಚ್ಚಿ ಬರಿಗಾಲಲ್ಲಿ ಹತ್ತಬೇಕು. ಮೊದಲು ಬೈದುಕೊಂಡೆವು, ಬರಬರುತ್ತಾ ಅದೇ ಅನುಕೂಲವಾಯಿತು. ಯಾರು ಮನೆಯಲ್ಲಿದ್ದಾರೆ ಎಂದು ಕೂಗಬೇಕಿಲ್ಲ, ಬೆಲ್ ಒತ್ತಬೇಕಿಲ್ಲ. ಗೂಡು ನೋಡಿದರೆ ಸಾಕು. ಕೊರಿಯರಿನವನು ಬಂದರೂ ಆಂಟಿ ಕುಳಿತಲ್ಲಿಂದಲೇ ಬಗ್ಗಿ ನೋಡಿ ಹೇಳುತ್ತಿದ್ದರು, "ಇಲ್ಲಪ್ಪ, ಚಪ್ಪಲಿ ಇಲ್ಲ." ಅವರ ಮಾತು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಆ ದಿನಕ್ಕೆ ಬರುತ್ತೇನೆ. ಏಳು ಗಂಟೆಗೆ ಬಚ್ಚಲಿನ ಚಿಲಕ ಕೂರಲಿಲ್ಲ. ನನ್ನ ಗಂಡ ರುಬ್ಬುವ ಗುಂಡಿನಿಂದ ಅದಕ್ಕೆ ಎರಡು ಏಟು ಹಾಕಿ, "ಮರ ಉಬ್ಬಿದೆ ಕಣೆ, ರಾತ್ರಿ ಮಳೆ ಬಂತಲ್ಲ" ಎಂದು ಹೇಳಿ ಬೈಕ್ ಹತ್ತಿದರು. ಮಳೆ ಬಂದದ್ದು ನಿಜ. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆಂದು ತೆಗೆದಿದ್ದ ಗುಂಡಿಯಲ್ಲಿ ಕೆಂಪು ನೀರು ನಿಂತಿತ್ತು. ಮಣ್ಣೆಲ್ಲ ರಸ್ತೆಗೆ ಬಂದು ಕಾಲಿಟ್ಟರೆ ಜಾರುವಂತಾಗಿತ್ತು. ನಾನು ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡಿದೆ. ಸುರಿದುಕೊಂಡ ನೀರು ಮೋರಿಯ ಕಡೆ ಹೋಗದೆ ಎದುರು ಮೂಲೆಯಲ್ಲಿ ನಿಂತಿತು. ಅದನ್ನೂ ನೋಡಿದೆ. ಸೋಪಿನ ಕವರ್ ಏನಾದರೂ ಸಿಕ್ಕಿಕೊಂಡಿದೆಯೇನೋ ಎಂದು ಕಾಲಿನಿಂದ ಮೋರಿಯ ಜಾಲರಿ ಉಜ್ಜಿದೆ.

ಎಂಟು ಹತ್ತಕ್ಕೆ ಬ್ಯಾಗ್ ಹಾಕಿಕೊಂಡು ಹೊರಬಂದಾಗ ಮೆಟ್ಟಿಲ ಗೋಡೆಯಲ್ಲಿ ಒಂದು ಬಿರುಕು ಕಂಡಿತು. ಬೆರಳು ಹೋಗುವಷ್ಟು. ಅದರ ಆಚೆ ಬೆಳಕಿತ್ತು. ಕೆಳಗೆ ಗುಂಡಿಯ ಅಂಚಿನಲ್ಲಿ ಆ ಕೆಲಸದ ಮೇಸ್ತ್ರಿ ನಿಂತು ನಮ್ಮ ಮನೆಯನ್ನೇ ನೋಡುತ್ತಿದ್ದ. ಜೆಸಿಬಿ ನಿಂತುಹೋಗಿತ್ತು.

"ಮೇಡಂ, ಇಳ್ಕೊಂಡ್ ಬನ್ನಿ" ಎಂದ. ಕೂಗಲಿಲ್ಲ. ಮೆಲ್ಲಗೆ ಹೇಳಿದ. ಅದಕ್ಕೇ ಹೆದರಿಕೆಯಾಯಿತು.

ಇಳಿದೆ. ಆಂಟಿಯನ್ನು ಹೊರಗೆ ಕರೆತಂದೆ. ಅಂಕಲ್ ಬರಲಿಲ್ಲ.

"ನಾನೇ ನಿಂತು ಕಟ್ಸಿರೋ ಮನೆ ಕಣಮ್ಮ. ಏನೂ ಆಗಲ್ಲ."

"ಅಂಕಲ್, ಗೋಡೆಯಲ್ಲಿ ಬೆಳಕು ಕಾಣ್ತಿದೆ."

"ಕಂಡ್ರೆ ಕಾಣ್ಲಿ, ಗಾಳಿ ಬರತ್ತೆ" ಎಂದು ಅಂದೇಬಿಟ್ಟರು. ಆಮೇಲೆ ಏನು ನೆನಪಾಯಿತೋ, ಗುಂಡಿಯ ಕಡೆ ನೋಡಿ ಸಣ್ಣ ದನಿಯಲ್ಲಿ, "ಆ ಕಡೆ ಹಳೇ ಬಾವಿ ಇತ್ತು. ಮುಚ್ಚಿದ್ವಿ" ಎಂದರು. ತಾವಾಗಿಯೇ ಎದ್ದು ಬಂದು ರಸ್ತೆಯಲ್ಲಿ ನಿಂತರು.

ಫೈರ್ ಇಂಜಿನ್ನಿಗೆ ಫೋನ್ ಮಾಡಿದವಳು ನಾನೇ. ಐದನೇ ಕ್ರಾಸ್ ಎಂದೆ. ಅವರು ಇನ್ನೊಂದು ಐದನೇ ಕ್ರಾಸಿಗೆ ಹೋಗಿ ನಿಂತು ಫೋನ್ ಮಾಡಿದರು, "ಮೇಡಂ, ಇಲ್ಲಿ ಎಲ್ಲಾ ಮನೆ ನೆಟ್ಟಗೇ ಇದಾವಲ್ಲ." ನಾನು ಮುಖ್ಯರಸ್ತೆಯ ತನಕ ಓಡಿ, ಕೈ ಬೀಸಿ ಕರೆತರುವಷ್ಟರಲ್ಲಿ ಎಂಟು ಐವತ್ತಾಯಿತು. ಅಷ್ಟರಲ್ಲಿ ಮನೆ ಕಣ್ಣಿಗೆ ಕಾಣುವಂತೆ ವಾಲಿತ್ತು. ಒಳಗಿನಿಂದ ಆಗಾಗ ಕಟಕ್ ಎಂದು ಸದ್ದು ಬರುತ್ತಿತ್ತು, ಯಾರೋ ಬೆರಳು ನೆಟಿಗೆ ತೆಗೆದ ಹಾಗೆ.

ಸಿಬ್ಬಂದಿಯ ಹಿರಿಯರು ಎಲ್ಲರನ್ನೂ ದೂರ ಸರಿಸಿ ಕೇಳಿದರು, "ಒಳಗೆ ಯಾರಾದ್ರೂ ಇದಾರಾ?"

ಅಂಕಲ್ ನನ್ನ ಮುಖ ನೋಡಿದರು. "ಮೇಲಿನ ಹುಡುಗಿ?"

ನಾನು ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿ ಮೆಟ್ಟಿಲ ಕೆಳಗೆ ನೋಡಿದೆ. ಮೂರನೆಯ ಗೂಡು ಖಾಲಿ.

"ಶೂ ಇಲ್ಲ ಅಂಕಲ್, ಇನ್ನೂ ಬಂದಿಲ್ಲ." ಆಮೇಲೆ ಸಿಬ್ಬಂದಿಯ ಹಿರಿಯರ ಕಡೆ ತಿರುಗಿ, "ಯಾರೂ ಇಲ್ಲ ಸಾರ್."

"ಗ್ಯಾರಂಟಿನಾ? ಆಳಿಲ್ದಿರೋ ಮನೆಗೆ ನಮ್ಮವರನ್ನ ಹತ್ತಿಸಲ್ಲ ನಾನು."

"ಗ್ಯಾರಂಟಿ ಸಾರ್."

ಅವರು ಹಗ್ಗ ಕಟ್ಟಿಸಿದರು. ಅಕ್ಕಪಕ್ಕದ ಮನೆಯವರನ್ನು ಎಬ್ಬಿಸಲು ಹೋದರು. ನಾನು ಗಂಡನಿಗೆ ಫೋನ್ ಮಾಡಿ, ಎಲ್ಲರೂ ಹೊರಗಿದ್ದೀವಿ, ಗಾಬರಿಯಾಗಬೇಡಿ ಎಂದೆ. ಆ ಕರೆ ಫೋನಿನಲ್ಲಿ ಈಗಲೂ ಇದೆ, ಎಂಟು ಐವತ್ತೆರಡು. ಆಮೇಲೆ ಆಂಟಿಗೆ ಯಾರದೋ ಮನೆಯಿಂದ ಕುರ್ಚಿ ತಂದು ಕೊಟ್ಟೆ. ಯಾರೋ ಕಾಫಿ ಕೊಟ್ಟರು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು ಎನ್ನುವುದೂ ನೆನಪಿದೆ.

ಒಂದು ದೊಡ್ಡ ಸದ್ದಾಯಿತು. ಟೆರೇಸಿನ ಮೇಲಿನ ಕರಿ ಟ್ಯಾಂಕ್ ಜರುಗಿ, ಪೈಪ್ ಮುರಿದು ನೀರು ಗುಂಡಿಯ ಕಡೆಗೆ ಧುಮುಕಿತು. ಎಲ್ಲರ ಜೊತೆ ನಾನೂ ತಲೆ ಎತ್ತಿದೆ. ಟೆರೇಸಿನ ಮೋಟುಗೋಡೆಯ ಮೇಲೆ, ಬಿಸಿಲಿಗೆ ಮುಖ ಮಾಡಿ, ಎರಡು ಬಿಳಿ ಶೂ ಒಣಗುತ್ತಿದ್ದವು.

ನಾನು ಏನು ಕೂಗಿದೆನೋ ನೆನಪಿಲ್ಲ. "ಶೂ, ಶೂ" ಎಂದಷ್ಟೇ ಕೂಗಿದೆ ಎಂದು ಆಂಟಿ ಹೇಳುತ್ತಾರೆ. ಸಿಬ್ಬಂದಿಯ ಹಿರಿಯರಿಗೆ ಅರ್ಥವಾಗಲಿಲ್ಲ. ಅಂಕಲ್ಲಿಗೆ ಅರ್ಥವಾಯಿತು. "ಹುಡುಗಿ ಮೇಲಿದಾಳೆ ಸ್ವಾಮಿ!" ಎಂದು ಹಗ್ಗದ ಕೆಳಗೆ ನುಗ್ಗಲು ಹೋದರು. ಇಬ್ಬರು ಅವರನ್ನು ಹಿಡಿದುಕೊಂಡರು, ಇನ್ನಿಬ್ಬರು ಹತ್ತಿದರು. ರೂಮಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒದ್ದು, ಕೊನೆಗೆ ಸಲಾಕೆ ಹಾಕಿ ಮೀಟಿದರು. ಕೆಳಗೆ ನಿಂತು ಆ ಏಟುಗಳನ್ನು ಕೇಳಿದೆ. ಒಂದೊಂದು ಏಟಿಗೂ ಮನೆ ಇನ್ನಷ್ಟು ವಾಲಿತೆಂದು ಅನ್ನಿಸುತ್ತಿತ್ತು.

ಅವಳು ನೈಟಿಯಲ್ಲಿ, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಇಳಿದು ಬಂದಳು. ಒಂದು ಕಿವಿಯಲ್ಲಿ ಇನ್ನೂ ಹತ್ತಿ ಇತ್ತು. ನನ್ನನ್ನು ಕಂಡವಳೇ ಕೇಳಿದಳು, "ಏನಕ್ಕ, ಟ್ಯಾಂಕರ್ ಬಂತಾ?"

ನಾನು ಸ್ನಾನ ಮಾಡುತ್ತಿದ್ದಾಗ ಬಂದಿದ್ದಳಂತೆ. ಡ್ಯೂಟಿ ಬೇಗ ಮುಗಿದಿತ್ತು. ಗುಂಡಿಯ ಕೆಸರಿನಲ್ಲಿ ಶೂ ಕೆಂಪಾಗಿದ್ದವು. ಕೆಸರು ಗ್ರಾನೈಟಿಗೆ ತಾಗಬಾರದೆಂದು ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲಲ್ಲಿ ಹತ್ತಿ, ಮೇಲೆ ತೊಳೆದು ಇಟ್ಟು ಮಲಗಿದ್ದಳು. ಅಂಕಲ್‌ನ ನಿಯಮವನ್ನು ಅವಳು ಮುರಿದಿರಲಿಲ್ಲ.

ಮನೆ ಬೀಳಲಿಲ್ಲ. ಇದನ್ನು ಹೇಳಿದರೆ ಕೇಳುವವರಿಗೆ ನಿರಾಸೆಯಾಗುತ್ತದೆ. ವಾಲಿಕೊಂಡೇ ನಿಂತಿತು. ನಾಲ್ಕನೆಯ ದಿನ ಸರ್ಕಾರದವರೇ ಬಂದು ಮೇಲಿನಿಂದ ಒಂದೊಂದಾಗಿ ಒಡೆದು ಇಳಿಸಿದರು. ಅಂಕಲ್ ಎದುರು ಮನೆಯ ಜಗಲಿಯಲ್ಲಿ ಕುಳಿತು ಪೂರ್ತಿ ನೋಡಿದರು. ಗ್ರಾನೈಟ್ ಕಲ್ಲುಗಳನ್ನು ಮಾತ್ರ ಒಡೆಯದೆ ತೆಗೆಯಿರಿ ಎಂದು ಕೇಳಿಕೊಂಡರು. ಒಡೆದೇ ಬಂದವು. ಪರೀಕ್ಷೆಗೆ ಬಂದಿದ್ದ ಇಂಜಿನಿಯರನ್ನು ನಾನು ಕೇಳಿದೆ, "ಸಾರ್, ಆ ಹೊತ್ತಲ್ಲಿ ಬೀಳೋ ಚಾನ್ಸ್ ಎಷ್ಟಿತ್ತು?"

"ಹೇಳಕ್ಕಾಗಲ್ಲ ಮೇಡಂ. ಆಗಲೇ ಬೀಳ್ಬಹುದಿತ್ತು. ಒಂದು ವರ್ಷ ಹೀಗೇ ನಿಲ್ಲಲೂಬಹುದಿತ್ತು."

ಈ ಉತ್ತರವನ್ನು ಏನು ಮಾಡಬೇಕು ಎಂದು ನನಗೆ ತಿಳಿಯಲಿಲ್ಲ. ಬಿದ್ದಿದ್ದರೆ ನಾನು ಯಾರು ಎಂಬುದು ಗೊತ್ತಾಗುತ್ತಿತ್ತು. ಬೀಳುವುದೇ ಇಲ್ಲ ಎಂದಿದ್ದರೆ ನಾನು ಹೇಳಿದ್ದು ಬರೀ ಒಂದು ತಪ್ಪು ಮಾತು. ಎರಡರ ನಡುವೆ ನಿಲ್ಲುವುದು ಹೇಗೆ?

ಇದಕ್ಕಿಂತ ಗೊಂದಲವಾದದ್ದು ಬೇರೆ. ಲೇಔಟಿನಲ್ಲೆಲ್ಲ ನಾನು ಹುಡುಗಿಯನ್ನು ಉಳಿಸಿದವಳಾಗಿಬಿಟ್ಟೆ. "ಮೇಡಂ ಕಣ್ಣಿಗೆ ಶೂ ಬಿತ್ತಲ್ಲ, ಇಲ್ದಿದ್ರೆ ಹೋಗೇಬಿಡ್ತಿತ್ತು ಜೀವ" ಎಂದು ಬೇಕರಿಯವನೂ ಹೇಳುತ್ತಿದ್ದ. ಗ್ಯಾರಂಟಿ ಎಂದ ಮಾತು ಯಾರಿಗೂ ನೆನಪಿರಲಿಲ್ಲ. ಅಂಕಲ್ಲಿಗೆ ಇದ್ದಿರಬೇಕು, ಅವರು ಆ ಮಾತು ಎತ್ತಲಿಲ್ಲ. ಶೂ ಕಂಡ ತಕ್ಷಣ ಗಂಡನಿಗೆ ಮತ್ತೆ ಫೋನ್ ಒತ್ತಿದ್ದೆನಂತೆ, ಮಾತಾಡಲಿಲ್ಲವಂತೆ. ಆ ಕರೆ ಒಂಬತ್ತು ಮೂರಕ್ಕೆ. ಐವತ್ತೆರಡರಿಂದ ಮೂರಕ್ಕೆ ಹನ್ನೊಂದು ನಿಮಿಷ. ಅಷ್ಟು ಹೊತ್ತು ಅವಳು ಮೇಲೆ ಮಲಗಿದ್ದದ್ದು ನನ್ನ ಮಾತಿನಿಂದ.

ನಾವು ಎರಡು ರಸ್ತೆ ಆಚೆ ಬೇರೆ ಬಾಡಿಗೆ ಮನೆ ಹಿಡಿದೆವು. ಜೆಪಿ ನಗರ, ಯಡಿಯೂರು ಎಂದೆಲ್ಲ ಹುಡುಕಿದೆವು, ನಮ್ಮ ಕೈಗೆ ಎಟುಕಲಿಲ್ಲ. ಹೊಸ ಮನೆಯ ಎದುರಿಗೂ ಒಂದು ಗುಂಡಿ ಇದೆ. ದಿನವೂ ಒಲೆಯ ಮೇಲೆ ಒಂದು ಗೋಲಿ ಇಟ್ಟು ಉರುಳುತ್ತದೆಯೇ ಎಂದು ನೋಡುತ್ತಿದ್ದೆ. ನಿದ್ದೆ ಮುರಿದಾಗಲೆಲ್ಲ ಬಾಗಿಲು ತೆಗೆದು ಚಪ್ಪಲಿ ಎಣಿಸುತ್ತಿದ್ದೆ. ನಾಲ್ಕು ಇದ್ದರೂ, ಇರುವ ಚಪ್ಪಲಿಯನ್ನು ನಂಬುವುದು ಹೇಗೆ ಎಂದು ಒಳಗೆ ಹೋಗಿ ಗಂಡನ ಕಾಲನ್ನು ಮುಟ್ಟಿ ನೋಡುತ್ತಿದ್ದೆ. "ಇದೀನಿ ಮಾರಾಯ್ತಿ, ಮಲಗು" ಎನ್ನುತ್ತಿದ್ದರು.

ಸುಮಾರು ಎರಡು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಆ ನರ್ಸ್ ಹುಡುಗಿ ಬಂದಳು. ಬಿಟಿಎಂನ ಒಂದು ಪಿಜಿಯಲ್ಲಿ ಇದ್ದಳು. ಊರಿನಿಂದ ತಂದ ಅವರೆಕಾಳು, ಹುರಿಗಾಳು, ಒಂದು ಕುಂಕುಮದ ಪೊಟ್ಟಣ. ಒಳಗೆ ಬಂದವಳೇ ನನ್ನ ಕಾಲಿಗೆ ಬಗ್ಗಿದಳು.

"ಬೇಡ, ಏಳು. ಮೊದಲು ಕೂತ್ಕೋ. ನಿಂಗೊಂದು ಹೇಳ್ಬೇಕು."

ಹೇಳಿದೆ. ಗೂಡು ನೋಡಿದ್ದು, ಗ್ಯಾರಂಟಿ ಎಂದದ್ದು, ಕಾಫಿ ಕುಡಿದದ್ದು. ಕಾಫಿಯ ವಿಷಯ ಬಿಡಬಹುದಿತ್ತು, ಬಿಡಲಿಲ್ಲ.

ಅವಳು ಹುರಿಗಾಳು ತಿನ್ನುತ್ತಿದ್ದವಳು ನಿಲ್ಲಿಸಿದಳು. "ಎಷ್ಟೊತ್ತು?"

"ಹನ್ನೊಂದು ನಿಮಿಷ."

"ನಮ್ ವಾರ್ಡಲ್ಲಿ ಹನ್ನೊಂದ್ ನಿಮಿಷ ಅಂದ್ರೆ ಬೋ ಹೊತ್ತು ಅಕ್ಕ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಕೈಯಲ್ಲಿದ್ದ ಹುರಿಗಾಳನ್ನು ಪಕ್ಕಕ್ಕಿಟ್ಟು ಸಿಟ್ಟಿನಲ್ಲೇ ಕೇಳಿದಳು, "ಒಂದ್ ಫೋನ್ ಮಾಡ್ಬಹುದಿತ್ತಲ್ವಾ ನೀವು?"

"ನಿನ್ನ ನಂಬರ್ ನನ್ನ ಹತ್ರ ಇರ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. ಎರಡು ವರ್ಷ ಒಂದೇ ಮೆಟ್ಟಿಲು ಹತ್ತಿದ್ದೆವು. ಅವಳ ಶೂ ಸೈಜ್ ನನಗೆ ಗೊತ್ತಿತ್ತು. ಎಡಗಾಲಿನ ಲೇಸ್ ಬೇರೆ ಬಣ್ಣದ್ದು ಎಂದು ಗೊತ್ತಿತ್ತು.

"ನಿಮ್ಮದೂ ನನ್ ಹತ್ರ ಇಲ್ಲ" ಎಂದಳು. ಆಮೇಲೆ ನಗು ಬಂತು, ಮೊದಲು ಅವಳಿಗೆ. "ಇದ್ದಿದ್ರೂ ಏನ್ ಬಂತು ಬಿಡಿ. ಮಲ್ಗಿದ್ರೆ ಸೈಲೆಂಟಲ್ಲಿರತ್ತೆ ನನ್ ಫೋನು." ನನ್ನ ಫೋನ್ ಕೈಯಿಂದ ಕಿತ್ತುಕೊಂಡು ತನ್ನ ನಂಬರ್ ತಾನೇ ಒತ್ತಿದಳು. ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ತಲೆ ಎತ್ತದೆ, "ಇನ್ಮೇಲೆ ನನ್ನ ಕೇಳ್ದೆ ನಾನಿಲ್ಲ ಅನ್ಬೇಡಿ ಅಕ್ಕ" ಎಂದಳು. ಕ್ಷಮಿಸಿದಳೋ ಬೈದಳೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಪಿಜಿ ಮುಟ್ಟಿದ ಮೇಲೆ "ರೀಚ್ಡ್" ಎಂದೊಂದು ಮೆಸೇಜ್ ಬಂತು, ನಾನು ಕೇಳದೆಯೇ.

ಮಾರನೆಯ ದಿನ, ಸೋಮವಾರ, ಗಂಡ ಭುಜ ಅಲುಗಾಡಿಸಿ ಎಬ್ಬಿಸಿದರು. ಕಿಟಕಿಯಲ್ಲಿ ಬಿಸಿಲಿತ್ತು. "ಟ್ಯಾಂಕರ್ ಬಂದು ಅಷ್ಟು ಹಾರನ್ ಹೊಡೆದು ಹೋಗಿದೆ, ನಿಂಗೆ ಎಚ್ಚರ ಆಗ್ಲಿಲ್ವಾ? ಡ್ರಮ್ಮು ಖಾಲಿ!"

"ನಿಮಗೆ?" ಎಂದೆ.

"ದಿನಾ ನೀನೇ ಎದ್ದಿರ್ತೀಯಲ್ಲ ಅಂತ ಮಲಗಿದ್ದೆ."

ಹಾಸಿಗೆಯಲ್ಲೇ ಕುಳಿತು ಲೆಕ್ಕ ಹಾಕಿದೆ. ರಾತ್ರಿ ಹತ್ತೂವರೆಯಿಂದ ಬೆಳಗ್ಗೆ ಏಳರವರೆಗೆ ಒಮ್ಮೆಯೂ ಎದ್ದಿರಲಿಲ್ಲ. ಬಾಗಿಲ ಹೊರಗೆ ಎಷ್ಟು ಚಪ್ಪಲಿ ಇದ್ದವೋ ನೋಡಿರಲಿಲ್ಲ. ಎರಡು ಬಿಂದಿಗೆ ಎತ್ತಿಕೊಂಡು ಪಕ್ಕದ ಮನೆಗೆ ನೀರು ಕೇಳಲು ಹೋದೆ. ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಆದರೂ ಬೆಲ್ ಒತ್ತಿದೆ.